ಪ್ಲೇಗಿನ ಗಡ್ಡೆಯೆಂದು ದೂರವಿಟ್ಟೆವು

ಬೆಳಗಾವಿಯ ದವಾಖಾನೆಯಲ್ಲಿ ಲೇಡಿ ಡಾಕ್ಟರ್ ಬಾಯಿಯವರು ನಮ್ಮ ಅತ್ತೆಯವರ ತೊಡೆಸಂದಿಯ ಗಡ್ಡೆಯನ್ನು ಮುಟ್ಟಿದಾಗ ನಾನು ಹೆದರಿ ಬಾಗಿಲತ್ತ ಸರಿದೆ. ಪ್ಲೇಗೆಂದು ತಿಳಿದು ಖಾನಾಪುರದಲ್ಲಿ ನಾವು ಅವರೊಬ್ಬರನ್ನೇ ಎರಡು ದಿನ ಹೊಲದ ಗುಡಿಸಲಿನಲ್ಲಿ ಇಟ್ಟಿದ್ದೆವು. ಜ್ವರ ಬರಲಿಲ್ಲ, ವಾಂತಿ ಮಾತ್ರ ನಿಲ್ಲಲಿಲ್ಲ. ಆಗ ಗಾಡಿ ಕಟ್ಟಿದೆವು.

“ಇದು ಪ್ಲೇಗ್ ಅಲ್ರಿ. ಕರುಳು ಜಾರಿ ಸಿಕ್ಕೊಂಡೈತಿ. ಮೊದಲೂ ಈ ಗಡ್ಡಿ ಬರ್ತಿತ್ತೇನ್ರಿ?” ಎಂದು ಬಾಯಿಯವರು ಕೇಳಿದರು.

“ನಾಕ ವರ್ಷಾತ್ರಿ. ಮಲಗಿದ್ರ ಒಳಗ ಹೋಗತಿತ್ತು. ನಾಚಿಕಿ ಜಾಗಾ, ಯಾರ ಮುಂದ ಹೇಳ್ಲಿ?” ಎಂದರು ಅತ್ತೆ.

ಕೂಡಲೇ ಆಪರೇಷನ್ ಮಾಡಿದರು. ಕರುಳು ಆಗಲೇ ಕಪ್ಪಾಗಿತ್ತಂತೆ. ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದರೇನೋ ಎಂದು ಬಾಯಿಯವರು ಹೇಳಿದರು.

ಮೂರನೆಯ ದಿನ ತೀರಿಕೊಳ್ಳುವವರೆಗೂ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲ.