ವಾಲ್ಟರ್‌ಗೊಂದು ಮುಸುಕಿನ ಜೋಳ

ಟಕ್, ಟಕ್, ಟಕ್.

ನವೆಂಬರ್ ಬಂತೆಂದರೆ ನನ್ನ ಕಿವಿಗೆ ಮೊದಲು ಬರುವುದು ಈ ಸದ್ದು. ಲಂಡನ್ನಿನ ಹ್ಯಾರೋದಲ್ಲಿ ನಮ್ಮದು ಪಕ್ಕದ ಮನೆಯೊಂದಿಗೆ ಒಂದು ಗೋಡೆ ಹಂಚಿಕೊಂಡ ಸೆಮಿ ಡಿಟ್ಯಾಚ್ಡ್ ಮನೆ. ಗೋಡೆಯ ಆಚೆ ಡೋರಿನ್, ತೊಂಬತ್ತು ದಾಟಿದ ಒಂಟಿಜೀವ. ಬೆಲ್ ಒತ್ತುವುದು, ಫೋನ್ ಮಾಡುವುದು ಅವಳ ಜಾಯಮಾನವಲ್ಲ. ಹಿತ್ತಲ ಬೇಲಿಯ ಹಲಗೆಗೆ ಊರುಗೋಲಿನಿಂದ ಬಡಿಯುವಳು.

“ರೆಡಿನಾ, ಡಿಯರ್? ವಾಲ್ಟರ್ ಕಾಯ್ತಾ ಇರ್ತಾನೆ.”

(ಅವಳಾಡುತ್ತಿದ್ದುದು ಇಂಗ್ಲಿಷ್. ನನ್ನ ನೆನಪಿನಲ್ಲಿ ಅದ್ಯಾಕೋ ಕನ್ನಡವೇ ಆಗಿಬಿಟ್ಟಿದೆ.)

ವಾಲ್ಟರ್ ಕೆನಡಾದ ಸೈನಿಕ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡು, ಲಂಡನ್ನಿನ ಆ ತುದಿಯ ಆರ್ಪಿಂಗ್ಟನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ ಹುಡುಗ. ಡೋರಿನ್‌ಳ ತಾಯಿ ಆಗ ಅದೇ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದರು. “ನನ್ನನ್ನ ನೋಡೋಕೆ ಇಷ್ಟು ದೂರ ಯಾರು ಬರ್ತಾರೆ?” ಎಂದನಂತೆ. “ನಾನು ಬರ್ತೀನಿ” ಎಂದರಂತೆ ಆಕೆ.

ಸಾಯುವವನ ಸಮಾಧಾನಕ್ಕೆ ಆಡಿದ ಮಾತೆಂದು ಮರೆಯಬಹುದಿತ್ತು. ಮರೆಯಲಿಲ್ಲ. ಬದುಕಿರುವವರೆಗೂ ಪ್ರತಿ ನವೆಂಬರಿನಲ್ಲಿ ಅವನ ಸಮಾಧಿಗೆ ಹೋದರು. ಆಮೇಲೆ ಮಗಳು. ಮಗಳ ಮಂಡಿ ಕೈಕೊಟ್ಟ ಮೇಲೆ ಅವಳ ಜೊತೆ ನಾನು.

ಮೊದಲ ಸಲ ಹೊರಟಾಗ ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಹೇಳಿ ಕೆಟ್ಟೆ. “ಏನೇ, ಹೆಂಗಸರು ಎಲ್ಲಾದ್ರೂ ಸ್ಮಶಾನಕ್ಕೆ ಹೋಗ್ತಾರೇನೇ? ಕಾನ್ವೆಂಟಲ್ಲಿ ಓದಿಸಿದ್ದೇ ತಪ್ಪಾಯ್ತು ನಿನ್ನ! ಬಂದ ತಕ್ಷಣ ತಲೆಗೆ ಸ್ನಾನ ಮಾಡು.”

ಅಪ್ಪ ಹೋದಾಗಲೂ ನಾನು ಗೇಟಿನವರೆಗೆ ಮಾತ್ರ ಹೋದವಳು. ಯಾರದೋ ಮಗನ ಸಮಾಧಿಗೆ ಟ್ಯೂಬ್, ಟ್ರೈನ್ ಹತ್ತಿ ಹೊರಟಿದ್ದೆ. ವಿಚಿತ್ರ, ಅಲ್ಲವೇ?

ಆರ್ಪಿಂಗ್ಟನ್ನಿನ ಚರ್ಚಿನ ಅಂಗಳದಲ್ಲಿ ಒಂದೇ ಅಳತೆಯ ಬಿಳಿ ಕಲ್ಲುಗಳು. ಅವುಗಳ ಮೇಲೆ ಕೆನಡಾದ ಮೇಪಲ್ ಎಲೆಯ ಗುರುತು. ಸ್ಕೂಲ್ ಅಸೆಂಬ್ಲಿಗೆ ನಿಂತ ಹುಡುಗರ ಹಾಗೆ ಸಾಲು. ವಯಸ್ಸು ಓದುತ್ತಾ ಹೋದೆ. ಹೆಚ್ಚಿನವರು ಇಪ್ಪತ್ತರ ಆಸುಪಾಸು.

ಡೋರಿನ್ ವಾಲ್ಟರ್‌ನ ಕಲ್ಲಿನ ಬುಡದಲ್ಲಿ ಯುದ್ಧದಲ್ಲಿ ಮಡಿದವರಿಗೆಂದು ಇಲ್ಲಿ ನವೆಂಬರಿನಲ್ಲಿ ಇಡುವ ಕೆಂಪು ಪಾಪಿ ಹೂವಿನ ಪುಟ್ಟ ಶಿಲುಬೆ ನೆಟ್ಟಳು. ನನ್ನದು ಬರಿಗೈ. ಬಾಯಿಂದ ತಾನಾಗಿ ಬಂತು: “ಅವನಿಗೆ ತಿನ್ನೋಕೆ ಏನು ಇಷ್ಟ ಇತ್ತು?”

ನಮ್ಮವರು ತಾನೇ ಇಂಥದ್ದು ಕೇಳುವುದು? ಪಿತೃಪಕ್ಷದ ಎಡೆಯಲ್ಲಿ ತಾತನಿಗೆ ಕೋಡುಬಳೆ, ಚಿಕ್ಕಪ್ಪನಿಗೆ ಸಿಗರೇಟು (ಹೌದು, ಸಿಗರೇಟು) ಎಂದು ನೆನಪಿಟ್ಟು ಇಡುವ ಜನ ನಾವು.

ಡೋರಿನ್ ಕೋಲಿನ ಮೇಲೆ ಎರಡೂ ಕೈ ಊರಿ ಯೋಚಿಸಿದಳು. “ಇದನ್ನ ಯಾರೂ ಕೇಳೇ ಇರಲಿಲ್ಲ. ಮುಸುಕಿನ ಜೋಳ. ಬೇಯಿಸಿ ಬೆಣ್ಣೆ ಸವರಿದ್ದು. ಅವನ ಊರಲ್ಲಿ ಬೆಳೀತಿದ್ರಂತೆ. ಕೊನೇ ದಿನಗಳಲ್ಲಿ ಅದೇ ಜಪ. ಅಮ್ಮ ಎಷ್ಟು ಹುಡುಕಿದ್ರೂ ಸಿಗಲಿಲ್ಲ.”

ಸಿಗಲಿಲ್ಲವೇ? ಹ್ಯಾರೋದ ತರಕಾರಿ ಅಂಗಡಿಗಳಲ್ಲಿ ಈಗ ರಾಶಿ ಬಿದ್ದಿರುತ್ತದೆ!

ಮರುವರ್ಷ ಕುಕ್ಕರಿನಲ್ಲಿ ಬೇಯಿಸಿ, ಬೆಣ್ಣೆ ಸವರಿ, ಫಾಯಿಲಿನಲ್ಲಿ ಸುತ್ತಿ ಒಯ್ದೆ. ಕಲ್ಲಿನ ಮುಂದಿಟ್ಟಾಗ ಇನ್ನೂ ಬೆಚ್ಚಗಿತ್ತು. ನಾಯಿ ಹಿಡಿದು ಬಂದ ಮುದುಕನೊಬ್ಬ ನಕ್ಕ. “ಪಿಕ್ನಿಕ್ಕಾ, ಲೇಡೀಸ್?”

“ಅಲ್ಲ,” ಎಂದಳು ಡೋರಿನ್, “ಮನೆಯವರ ಜೊತೆ ಊಟ.”

ಎಡೆ ಎಂದ ಮೇಲೆ ಮನೆಯವರು ತಿನ್ನಬೇಕಲ್ಲ? ಅವಳ ಕಟ್ಟಿಸಿದ ಹಲ್ಲಿಗೆ ಕಾಳು ಬಿಡಿಸಿಕೊಟ್ಟೆ. “ಉಪ್ಪು ಕಡಿಮೆ,” ಎಂದು ಕಣ್ಣೊರೆಸಿಕೊಂಡಳು.

ಕಳೆದ ತಿಂಗಳು ಡೋರಿನ್ ತೀರಿಹೋದ ಸುದ್ದಿ ಬಂತು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಈ ಬೇಸಿಗೆಯಲ್ಲಿ, ಅವಳು ಬಿದ್ದು ಪೆಟ್ಟು ಮಾಡಿಕೊಂಡ ಮೇಲೆ. ದೂರದ ಡೆವನ್ನಿನ ಕೇರ್ ಹೋಮಿಗೆ ಕರೆದೊಯ್ಯಲು ಅವಳ ತಂಗಿಯ ಮಗ ಕಾರು ತಂದಿದ್ದ. ಹುಟ್ಟಿದ ಮನೆ ಬಿಡುವಾಗಲೂ ಅವಳಿಗೆ ಅದರ ಚಿಂತೆಯಿಲ್ಲ. “ವಾಲ್ಟರ್‌ನ ನೋಡೋಕೆ ಇನ್ನು ಯಾರು ಹೋಗ್ತಾರೆ?”

“ನಾನು ಹೋಗ್ತೀನಿ,” ಎಂದೆ. ಅಕ್ಕ ಬೈದರೆ ಬೈಯಲಿ. ತಲೆಗೆ ಸ್ನಾನ ಮಾಡಿದರಾಯಿತು.

ಡೋರಿನ್ ನನ್ನ ಮುಖವನ್ನೇ ನೋಡಿದಳು. ಕಾರು ಹೊರಟಿತು, ನಿಂತಿತು. ಕಿಟಕಿಯ ಗಾಜು ಇಳಿಯಿತು.

“ನನಗೆ ನಿನ್ನ ಚಿತ್ರಾನ್ನ, ಡಿಯರ್. ಕಡಲೆಬೀಜ ಬೇಡ, ಹಲ್ಲಿಗೆ ಸಿಕ್ಕಿಕೊಳ್ಳುತ್ತೆ.”

ನಿಮ್ಮ ಎಡೆಗೆ ಏನಿಡಬೇಕೆಂದು ನೀವು ಯಾರಿಗಾದರೂ ಹೇಳಿಟ್ಟಿದ್ದೀರಾ?