ಕುರಿ ಹಾಯದ ಗೋಲು

ಗೋಲು ಹೊಡಿಯೂದಕ್ಕ ಪಗಾರ ತಗೊಳ್ಳಾಂವ ನಾ, ಪುಣೆದ ಒಂದು ಫುಟ್‌ಬಾಲ್ ಕ್ಲಬ್ಬಿನ ಸ್ಟ್ರೈಕರ್. ಮೊಣಕಾಲಿನ ಆಪರೇಷನ್ ಆದಮ್ಯಾಲ ಸೋಲಾಪುರಕ್ಕ, ಅವ್ವನ ಮನಿಗೆ ಬಂದಿದ್ದೆ. ಕಾಲು ಮೊದಲಿನಂಗ ಆಗದಿದ್ರ ಕ್ಲಬ್ಬಿನವರು ಕೈ ಬಿಡಾವರಿದ್ರು. ಅದಕ್ಕ ದಿನಾ ಮುಂಜಾನಿ ಊರ ಹೊರಗಿನ ಬೋರಾಮಣಿ ಮಾಳಕ್ಕ ಹೋಗಿ ಒಬ್ಬನೇ ಪ್ರಾಕ್ಟೀಸ್ ಮಾಡ್ತಿದ್ದೆ.

ಅವತ್ತ ಬನ್ನಿ ಗಿಡದ ಬುಡಕ ಬಿದ್ದಿದ್ದ ಎರಡು ಉದ್ದನ ಕಲ್ಲು ತಂದು ಗೋಲಿನ ಕಂಬದಂಗ ನಿಲ್ಲಿಸಿದೆ. ನಡುವ ಯಾರೂ ಇಲ್ಲ. ಆದ್ರೂ ಒಂದು ಚೆಂಡೂ ಒಳಗ ಹೋಗವಲ್ದು. ನೆಟ್ಟಗ ಹೊಡದದ್ದು ಕಲ್ಲಿನ ತನಕ ಹೋಗಿ, ಯಾರೋ ಎದಿಗೆ ಹಿಡದು ಬಿಟ್ಟಂಗ ಅಲ್ಲೇ ಧೊಪ್ಪಂತ ಬೀಳ್ತಿತ್ತು. ಗಾಳಿ ಅಂತೂ ಇದ್ದಿಲ್ಲ.

ಅಷ್ಟರಾಗ ಒಬ್ಬ ಮುದುಕಪ್ಪ ಕುರಿ ಹೊಡಕೊಂಡು ಬಂದ. ಕುರಿ ಕಲ್ಲಿನ ಹತ್ರ ಬಂದು ಎರಡು ಪಾಲಾಗಿ ಆಚೀಚಿ ಹೋದ್ವು. ಒಂದೂ ನಡುವ ಹಾಯಲಿಲ್ಲ.

"ತಮ್ಮಾ, ಈ ಕಲ್ಲು ಎಲ್ಲಿಂದ ತಂದಿ?"

"ಆ ಬನ್ನಿ ಗಿಡದ ಬುಡಕಿಂದ್ರಿ, ಕಾಕಾ."

"ಅಲ್ಲಿ ನಮ್ಮ ಅಣ್ಣನ್ನ ಮಣ್ಣು ಮಾಡೇವಿ. ತಲಿಗೊಂದು, ಕಾಲಿಗೊಂದು ಇಟ್ಟ ಕಲ್ಲವು. ಸಂಜಿಕ ಹಟ್ಟಿ ಬಾಗಿಲದಾಗ ನಿಂತು ಕುರಿ ಎಣಿಸಾಂವ ಅವನೇ. ಅವನ್ನ ದಾಟಿ ಒಂದು ಮರೀನೂ ಹೋಗ್ತಿದ್ದಿಲ್ಲ."

ಇಬ್ಬರೂ ಕೂಡಿ ಕಲ್ಲು ಹೊತ್ತು ಮೊದಲಿದ್ದಲ್ಲೇ ಇಟ್ವಿ. ಮುದುಕಪ್ಪ ಅವಕ್ಕ ಕುರುಬರ ದೇವರು ಬೀರೋಬಾನ ಭಂಡಾರದ ಅರಿಷಿಣ ಹಚ್ಚಿ, ಉಳಿದದ್ದು ನನ್ನ ಹಣಿಗೆ ಬಡದ.

ಈಗ ಮತ್ತ ಆಡಾಕತ್ತೀನಿ. ಎಲ್ಲಾರಕಿಂತ ಗಟ್ಟಿ ಗೋಲ್‌ಕೀಪರ್ ಯಾರು ಅಂತ ಪೇಪರಿನವರು ಕೇಳ್ತಾರ. ನಾ ಯಾರದೋ ಹೆಸರು ಹೇಳಿ ಜಾರಕೋತೀನಿ. ಖರೇ ಹೇಳಿದ್ರ ಕ್ಲಬ್ಬಿನ ಡಾಕ್ಟರ್ ಮೊಣಕಾಲು ಬಿಟ್ಟು ನನ್ನ ತಲಿ ತಪಾಸ ಮಾಡ್ತಾನ.