ಎರಡನೆಯ ಕೆಲಸ

ಶಾಲೆಯ ಸುಧಾರಣೆಗೆ ಯಾವ ಕೆಲಸ ಮೊದಲು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿತ್ತು. ಖಾನಾಪುರದಾಚೆಯ ಒಂದು ಸರ್ಕಾರಿ ಕನ್ನಡ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಬೆಳಗಾವಿಯ ರಾಮತೀರ್ಥ ನಗರದಿಂದ ದಿನವೂ ಬಸ್ಸಿನಲ್ಲಿ ಓಡಾಟ. ಹುಡುಗಿಯರ ಶೌಚಾಲಯದ ಬಾಗಿಲು ಮುರಿದು ಬಿದ್ದಿತ್ತು, ನೀರಿನ ಪೈಪು ಒಡೆದಿತ್ತು. ಶಾಲಾ ಸಮಿತಿಯ ಗಂಡಸರಿಗೆ ಅದು ಅಷ್ಟಾಗಿ ತಟ್ಟಿರಲಿಲ್ಲ. ಅವರಿಗೇನು, ಊರಿನ ಯಾವ ಗೋಡೆಯಾದರೂ ನಡೆಯುತ್ತದೆ.

ಸಭೆ ಕರೆದು ಕಪ್ಪುಹಲಗೆಯ ಮೇಲೆ ಬರೆದೆ: ಮೊದಲು ಶೌಚಾಲಯ, ಆಮೇಲೆ ಸೋರುವ ಹೆಂಚು, ಕೊನೆಗೆ ಗೇಟಿನ ಕಮಾನು. ಎಲ್ಲರೂ ತಲೆ ಆಡಿಸಿದರು. ತೊಡಕು ಬಂದದ್ದು ಖರ್ಚು ಹೊರಲು ಒಪ್ಪಿದವರು ಬಾಯಿ ತೆರೆದಾಗ. ಅವರು ಬೆಳಗಾವಿಯ ವ್ಯಾಪಾರಿ, ಇದೇ ಶಾಲೆಯಲ್ಲಿ ಕಲಿತವರು. ತೀರಿಹೋದ ತಾಯಿಯ ನೆನಪಿಗೆ ಏನಾದರೂ ಕಟ್ಟಿಸಬೇಕೆಂದು ಬಂದಿದ್ದರು. ಕೊಟ್ಟವರು ತಮ್ಮ ಹಿರಿಯರ ಹೆಸರು ಬರೆಸುವುದು ನಮ್ಮ ಕಡೆಯ ರೂಢಿ. ಗುಡಿಯ ಮೆಟ್ಟಿಲು, ಬಸ್‌ಸ್ಟ್ಯಾಂಡಿನ ಬೆಂಚು, ಕಡೆಗೆ ತರಗತಿಯ ಫ್ಯಾನಿನ ರೆಕ್ಕೆಯ ಮೇಲೂ ಯಾರದೋ ಸ್ಮರಣಾರ್ಥ.

“ಅಕ್ಕೋರ, ನಮ್ಮವ್ವನ ಹೆಸರು ಪಾಯಖಾನಿ ಮ್ಯಾಲೆ ಬರಸೂದೇನ್ರೀ?” ಎಂದರು.

“ಹೆಸರ ಬ್ಯಾಡ್ರಿ, ಹಂಗ ಕಟ್ಟಿಸಿಕೊಡ್ರಿ,” ಎಂದೆ.

ಅವರ ಮುಖ ಬಾಡಿತು. ಅದು ಸಿಟ್ಟಲ್ಲ, ನಿಜವಾದ ದುಃಖ. ಅದನ್ನು ನೋಡಿ ನನಗೆ ಜಗಳವಾಡಲೂ ಆಗಲಿಲ್ಲ. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು ನಡುವೆ ಬಾಯಿ ಹಾಕಿದರು.

“ಕಮಾನಿಗೆ ಅವ್ವಾರ ಹೆಸರ ಹಾಕೂಣ್ರಿ. ಮೊದಲ ಅದಾಗ್ಲಿ, ಎರಡನೇದು ಪಾಯಖಾನಿ. ಅದೇನ ಎಲ್ಲಿಗಿ ಓಡಿ ಹೋಗ್ತೈತ್ರಿ?”

ತಾವೇ ಎದ್ದು ಹಲಗೆಯ ಮೇಲಿನ ಸಾಲು ತಿದ್ದಿದರು. ಎರಡನೆಯದು ಎಂದರೆ ಮರುದಿನವೇ ಎಂಬಂತೆ ಎಲ್ಲರಿಗೂ ಸಮಾಧಾನ. ಸರ್ಕಾರಿ ಶಾಲೆಯಲ್ಲಿ ಎರಡನೆಯ ಕೆಲಸದ ಗತಿ ಏನೆಂದು ನಾನು ಬಲ್ಲೆ. ಹೇಳಿಯೂ ಹೇಳಿದೆ. ಚಹಾ ಬಂತು, ಮಾತು ಮುಗಿಯಿತು.

ಕಮಾನಿನ ಕಂಬ ಏಳುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬರುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಅಚ್ಚುಕಟ್ಟಾದ ಕನ್ನಡ. ನನಗೆ ಬಹಳ ಇಷ್ಟದವಳು. ಜ್ವರ ಬಂದು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿದು, ಸಂಜೆ ಬಸ್ಸಿಳಿದವಳೇ ಅಲ್ಲಿಗೆ ಹೋದೆ. ಮೂತ್ರದ ಸೋಂಕು. ಶಾಲೆಯಲ್ಲಿ ಎದ್ದು ಹೋಗಬೇಕಾದೀತೆಂದು ಹೆದರಿ ಬೆಳಗಿನಿಂದ ಸಂಜೆಯವರೆಗೆ ಹನಿ ನೀರೂ ಕುಡಿಯುತ್ತಿರಲಿಲ್ಲವಂತೆ.

ತಾಯಿ ಇಟ್ಟಂಗಿ ಭಟ್ಟಿಯ ಕೆಲಸ ಬಿಟ್ಟು ಬಂದು ಮಗಳ ಪಕ್ಕ ಕೂತಿದ್ದಳು.

“ನೀರ ಭಾಳ ಕುಡೀಬೇಕಂತ ಡಾಕ್ಟರ್ ಹೇಳ್ಯಾರ್ರಿ. ನಿಮ್ಮ ಸಾಲಿಗೆ ಬಂದ್ರ ಹೆಂಗ ಕುಡೀಬೇಕ್ರಿ? ಇನ್ನ ಮನ್ಯಾಗ ಇರ್ಲಿ ಬಿಡ್ರಿ.”

ಹುಡುಗಿ ಗೋಡೆಯ ಕಡೆ ಹೊರಳಿ ಮಲಗಿದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಆಮೇಲೆ ಅವರ ಮನೆಗೂ ಹೋಗಿ ಬೇಡಿಕೊಂಡೆ. ತಾಯಿ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದಳು, ಮಗಳನ್ನು ಮಾತ್ರ ಕಳಿಸಲಿಲ್ಲ.

ಉದ್ಘಾಟನೆಯ ದಿನ ಬಂತು. ಕಮಾನು ಚಂದವಾಗಿಯೇ ಆಗಿತ್ತು, ಸುಳ್ಳು ಹೇಳಬಾರದು. ಹುಡುಗಿಯರು ಹೂ ಹಿಡಿದು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ವ್ಯಾಪಾರಿಯ ಹೆಂಡತಿ ವೇದಿಕೆಯಿಂದ ಮೆಲ್ಲಗೆ ಇಳಿದು ನನ್ನ ಹತ್ತಿರ ಬಂದರು.

“ಅಕ್ಕೋರ, ಬಾತ್‌ರೂಮ್ ಎಲ್ಲೈತ್ರಿ?”

“ಇಲ್ರಿ. ಬಾಜು ಮನಿಗೆ ಕರಕೊಂಡ ಹೋಗ್ತೀನಿ, ಬರ್ರಿ.”

ನಾಲ್ಕು ಹೆಜ್ಜೆ ನಡೆದವರು ನಿಂತು, ಸಾಲಾಗಿ ನಿಂತಿದ್ದ ಹುಡುಗಿಯರನ್ನು ತಿರುಗಿ ನೋಡಿದರು. “ಮತ್ತ ಇವರೆಲ್ಲಾ ಎಲ್ಲಿ ಹೋಗ್ತಾರ್ರಿ?”

“ಮನಿಗೆ ಹೋಗ್ತಾರ್ರಿ,” ಎಂದೆ. “ಒಬ್ಬಾಕಿ ಹೋದಾಕಿ ತಿರುಗಿ ಬಂದೇ ಇಲ್ರಿ.”